ಕಥಾಲೋಕ ಮತ್ತು ಅಭಿಮಾನಿಗಳ ಅನಧಿಕೃತ ನಂಬಿಕೆ: ಷರ್ಲಾಕ್ ಹೋಮ್ಸ್ ಕಥೆಗಳ ನಿದರ್ಶನ

ಮೂಲಕೃತಿ ಹೇಳದೆ ಬಿಟ್ಟ ಸಂಗತಿಗಳನ್ನು ಅಭಿಮಾನಿಗಳು ತಾವೇ ಊಹಿಸಿ, ಚರ್ಚಿಸಿ, ಕ್ರಮೇಣ ಒಪ್ಪಿತ ತಿಳುವಳಿಕೆಯಾಗಿ ಸ್ಥಾಪಿಸಿಕೊಳ್ಳುತ್ತಾರೆ. ಇಂಗ್ಲಿಷ್ ಅಭಿಮಾನಿ ವಲಯಗಳಲ್ಲಿ ಅಧಿಕೃತ ಪಠ್ಯಕ್ಕೆ ‘ಕ್ಯಾನನ್’ ಎಂದೂ, ಈ ಸಾಮೂಹಿಕ ಸೇರ್ಪಡೆಗೆ ‘ಫ್ಯಾನನ್’ ಎಂದೂ, ಒಬ್ಬ ಓದುಗನ ಖಾಸಗಿ ಕಲ್ಪನೆಗೆ ‘ಹೆಡ್‌ಕ್ಯಾನನ್’ ಎಂದೂ ಹೆಸರು. ಜಾನಪದ ಅಧ್ಯಯನಕ್ಕೆ ಮುಖ್ಯವಾದುದು ನಡುವಿನದು. ಖಾಸಗಿ ಊಹೆ ಸಮುದಾಯದ ಸೊತ್ತಾಗುವ ಘಟ್ಟ ಅದು.

ಕ್ಯಾನನ್ ಎಂಬುದು ಮೂಲತಃ ಕ್ರೈಸ್ತ ಧರ್ಮಗ್ರಂಥಗಳಿಗೆ ಸಂಬಂಧಿಸಿದ ಪದ. ಮುಂದೆ ಕ್ಯಾಥೊಲಿಕ್ ಪಾದ್ರಿಯಾದ ರೊನಾಲ್ಡ್ ನಾಕ್ಸ್ 1911ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಮಂಡಿಸಿದ ಪ್ರಬಂಧವು ಬೈಬಲ್ ವಿಮರ್ಶೆಯ ವಿಧಾನವನ್ನು ಹೋಮ್ಸ್ ಕಥೆಗಳಿಗೆ ಅನ್ವಯಿಸಿ ವಿನೋದ ಮಾಡಿತು. ವಿನೋದವೇ ಪರಂಪರೆಯಾಯಿತು. ಆರ್ಥರ್ ಕೊನನ್ ಡಾಯ್ಲ್ ಬರೆದ 56 ಸಣ್ಣಕಥೆ ಹಾಗೂ 4 ಕಾದಂಬರಿಗಳು ‘ಕ್ಯಾನನ್’ ಎನಿಸಿಕೊಂಡವು.

ಡಾಯ್ಲ್ ಅವಸರದ ಬರಹಗಾರ. 1887ರ ಮೊದಲ ಕಾದಂಬರಿಯಲ್ಲಿ ವಾಟ್ಸನ್‌ನ ಭುಜಕ್ಕೆ ತಗುಲಿದ್ದ ಗುಂಡು 1890ರ ಎರಡನೆಯದರಲ್ಲಿ ಕಾಲಿಗಿಳಿಯುತ್ತದೆ. ಜಾನ್ ಎಚ್. ವಾಟ್ಸನ್ ಎಂಬ ಈತನನ್ನು 1891ರ ಕಥೆಯೊಂದರಲ್ಲಿ ಹೆಂಡತಿಯೇ ‘ಜೇಮ್ಸ್’ ಎಂದು ಕರೆಯುತ್ತಾಳೆ. ಲೇಖಕನ ಮರೆವು ಎಂದುಬಿಟ್ಟರೆ ಆಟವೇ ಮುಗಿಯಿತು. ‘ಎಚ್’ ಎಂದರೆ ‘ಹೇಮಿಶ್’, ಅದು ಜೇಮ್ಸ್ ಎಂಬ ಹೆಸರಿನ ಸ್ಕಾಟಿಷ್ ರೂಪ ಎಂದು ಡೊರೊಥಿ ಸೇಯರ್ಸ್ ವಾದಿಸಿದರು. ಆ ಲೇಖನ ಅವರ 1946ರ ಪ್ರಬಂಧ ಸಂಕಲನದಲ್ಲಿದೆ. ಈ ಆಟವನ್ನು ಗಂಭೀರವಾಗಿಯೇ ಆಡಬೇಕೆಂಬುದೂ ಅವರದೇ ನಿಲುವು. 2012ರಲ್ಲಿ ಬಿಬಿಸಿಯ ‘ಷರ್ಲಾಕ್’ ಧಾರಾವಾಹಿ ‘ಹೇಮಿಶ್’ ಎಂಬುದನ್ನು ವಾಟ್ಸನ್‌ನ ಬಾಯಿಂದಲೇ ಹೇಳಿಸಿತು.

ಇಂತಹ ಊಹೆಯನ್ನು ಜನಜನಿತ ತಪ್ಪುಗ್ರಹಿಕೆಯೊಡನೆ ಬೆರೆಸಲಾಗದು. ಹೋಮ್ಸ್‌ನ ಬಾಯಿಮಾತೆಂದು ಪ್ರಸಿದ್ಧವಾದ ‘ಎಲಿಮೆಂಟರಿ, ಮೈ ಡಿಯರ್ ವಾಟ್ಸನ್’ ಎಂಬ ವಾಕ್ಯ ಡಾಯ್ಲ್ ಕಥೆಗಳಲ್ಲಿ ಎಲ್ಲಿಯೂ ಇಲ್ಲ. ಹಾಗೆಂದು ಬಲ್ಲವರು ಕಡಿಮೆ. ‘ಹೇಮಿಶ್’ ಒಪ್ಪಿದವರಾದರೋ ಅದು ಪಠ್ಯದಲ್ಲಿಲ್ಲವೆಂದು ಬಲ್ಲರು. ಅರಿತೇ ನಂಬುವ ಈ ನಿಲುವನ್ನು ಮೂಢನಂಬಿಕೆಯ ಪಟ್ಟಿಗೆ ಸೇರಿಸುವುದು ವರ್ಗೀಕರಣದ ದೋಷ. ಇನ್ನು, ಅಧಿಕೃತ ಮುದ್ರೆ ಒತ್ತುವವರು ಬದುಕಿದ್ದಾಗ ಪರಿಸ್ಥಿತಿ ಬೇರೆಯಾಗುತ್ತದೆ. ‘ಸ್ಟಾರ್ ಟ್ರೆಕ್’ನ ಸುಲು ಎಂಬ ಪಾತ್ರಕ್ಕೆ ವೊಂಡಾ ಮೆಕಿಂಟೈರ್ 1981ರ ಕಾದಂಬರಿಯಲ್ಲಿ ಕೊಟ್ಟ ‘ಹಿಕಾರು’ ಎಂಬ ಹೆಸರು 1991ರ ಚಲನಚಿತ್ರದಲ್ಲಿ ಅಧಿಕೃತವಾಯಿತು. 1930ರಲ್ಲಿ ತೀರಿಕೊಂಡ ಡಾಯ್ಲ್ ‘ಹೇಮಿಶ್’ಗೆ ಅಂತಹ ಮುದ್ರೆ ಒತ್ತುವಂತಿಲ್ಲ.

ಸಂಗ್ರಾಹಕರ ಹೊಣೆ ಇರುವುದು ಇಲ್ಲಿಯೇ. ಊಹೆಯ ಮೂಲ ಯಾವುದು, ಯಾವ ವಾಕ್ಯದ ಆಧಾರದ ಮೇಲೆ ಅದು ನಿಂತಿದೆ ಎಂಬುದನ್ನು ನಮೂದಿಸದೆ ದಾಖಲಿಸಿದರೆ ಊಹೆ ಮತ್ತು ಪಠ್ಯದ ಗಡಿಯೇ ಅಳಿಸಿಹೋಗುತ್ತದೆ. ಹೋಮ್ಸ್ 1854ರ ಜನವರಿ 6ರಂದು ಹುಟ್ಟಿದನೆಂಬ ಮಾತು ಹೀಗೆಯೇ ವಾಸ್ತವಾಂಶದ ವೇಷ ತೊಟ್ಟಿದೆ. 1914ರಲ್ಲಿ ನಡೆಯುವ ಕಥೆಯಲ್ಲಿ ಆತನಿಗೆ ಅರುವತ್ತು ವರ್ಷವೆಂದಿರುವುದರಿಂದ ಇಸವಿ ದೊರೆಯಿತು. ತಾರೀಖಿಗೆ ಇರುವ ಆಧಾರ ಇನ್ನೂ ತೆಳು: ಮತ್ತೊಂದು ಕಥೆಯ ಜನವರಿ 7ರ ಮುಂಜಾನೆ ಆತ ಸಿಡುಕುತ್ತಾನೆ, ಹಿಂದಿನ ರಾತ್ರಿ ಹುಟ್ಟುಹಬ್ಬದ ಪಾನಗೋಷ್ಠಿ ನಡೆದಿರಬೇಕು! ಆಧಾರ ಇಷ್ಟೇ ಆದರೂ, 1934ರಲ್ಲಿ ನ್ಯೂಯಾರ್ಕಿನಲ್ಲಿ ಕ್ರಿಸ್ಟೋಫರ್ ಮಾರ್ಲಿ ಸ್ಥಾಪಿಸಿದ ‘ಬೇಕರ್ ಸ್ಟ್ರೀಟ್ ಇರ್ರೆಗ್ಯುಲರ್ಸ್’ ಸಂಘದ ವಾರ್ಷಿಕ ಭೋಜನಕೂಟ ನಡೆಯುವುದು ಜನವರಿಯಲ್ಲಿಯೇ.