ಗಾಯಕ ಇಲ್ಲ, ಕೀಬೋರ್ಡೇ ಎಲ್ಲ: ಆರು ರಾಣಿಯರ ಕಥೆ ಹೇಳಿದ ರಾಕ್ ಆಲ್ಬಂ

ಗಣೇಶ ಹಬ್ಬದ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸಿದವರ ಮುಖ ಎಷ್ಟು ಜನಕ್ಕೆ ನೆನಪಿರುತ್ತೆ? ಚಪ್ಪಾಳೆ, ಶಿಳ್ಳೆ ಎಲ್ಲ ಹಾಡೋರಿಗೇ. ಬ್ರಿಟನ್‌ನ ರಾಕ್ ಬ್ಯಾಂಡ್‌ಗಳಲ್ಲೂ ಹೆಚ್ಚುಕಮ್ಮಿ ಇದೇ ಕಥೆ. ಮುಂದೆ ಗಾಯಕ, ಪಕ್ಕದಲ್ಲಿ ಗಿಟಾರ್, ಕೀಬೋರ್ಡ್‌ನವರು ಮೂಲೆಯಲ್ಲಿ. 1973ರ ಜನವರಿಯಲ್ಲಿ ಬಂದ ಒಂದು ಆಲ್ಬಂ ಈ ಲೆಕ್ಕವನ್ನ ಉಲ್ಟಾ ಮಾಡಿತು.

ಅದರ ಹೆಸರು 'ದ ಸಿಕ್ಸ್ ವೈವ್ಸ್ ಆಫ್ ಹೆನ್ರಿ ದ ಎಯ್ತ್', ಅಂದ್ರೆ ಎಂಟನೇ ಹೆನ್ರಿಯ ಆರು ಹೆಂಡತಿಯರು. ಮಾಡಿದವರು 'ಯೆಸ್' ಬ್ಯಾಂಡಿನ ಕೀಬೋರ್ಡ್ ವಾದಕ ರಿಕ್ ವೇಕ್‌ಮನ್. ಆಗ ಅವರಿಗೆ ಬರೀ 23 ವರ್ಷ.

ಯಾರು ಈ ಹೆನ್ರಿ?

1509ರಿಂದ 1547ರವರೆಗೆ ಇಂಗ್ಲೆಂಡ್ ಆಳಿದ ರಾಜ. ಆರು ಮದುವೆಯಾದವನು. ಇಬ್ಬರು ರಾಣಿಯರ ತಲೆ ಕಡಿಸಿದ, ಇಬ್ಬರ ಮದುವೆ ರದ್ದು ಮಾಡಿಸಿದ. ಒಬ್ಬಳು ಬಾಣಂತಿಯಾಗಿದ್ದಾಗಲೇ ತೀರಿಕೊಂಡಳು. ಕೊನೆಯವಳು ರಾಜ ತೀರಿಕೊಂಡ ಮೇಲೂ ಬದುಕಿದ್ದಳು. ಅಮೆರಿಕ ಪ್ರವಾಸದಲ್ಲಿದ್ದಾಗ ವಿಮಾನ ನಿಲ್ದಾಣದಲ್ಲಿ ಕೊಂಡ ಪುಸ್ತಕದಿಂದ ವೇಕ್‌ಮನ್‌ಗೆ ಈ ಕಥೆ ತಲೆಗೆ ಹತ್ತಿತು. ಒಬ್ಬೊಬ್ಬ ರಾಣಿಗೆ ಒಂದೊಂದು ಟ್ರ್ಯಾಕ್ ಮಾಡಿದರು.

ಮಾತಿಲ್ಲದೆ ಕಥೆ ಹೇಗೆ?

ಅಲ್ಲಲ್ಲಿ ಕೋರಸ್ ದನಿ ಬಿಟ್ಟರೆ ಉಳಿದಿದ್ದೆಲ್ಲ ವಾದ್ಯವೇ. ರಾಣಿಯ ಸ್ವಭಾವ ತನಗೆ ಹೇಗೆ ಕಂಡಿತೋ ಹಾಗೆ ವಾದ್ಯದಲ್ಲೇ ತೋರಿಸಬೇಕು. ಈಗಿನ ಕೀಬೋರ್ಡ್‌ನಲ್ಲಿ ಬಟನ್ ಒತ್ತಿದ್ರೆ ಪಿಟೀಲು, ಇನ್ನೊಂದು ಒತ್ತಿದ್ರೆ ಕೊಳಲು. ಆಗ ಹಾಗಿರಲಿಲ್ಲ, ಒಂದೊಂದು ದನಿಗೂ ಒಂದೊಂದು ಪೆಟ್ಟಿಗೆ. ಮಿನಿಮೂಗ್‌ನಲ್ಲಿ ಒಂದು ಸಲಕ್ಕೆ ಒಂದೇ ಸ್ವರ ಬರುತ್ತೆ. ಮೆಲೋಟ್ರಾನ್‌ನಲ್ಲಿ ಪ್ರತಿ ಕೀಲಿಯ ಕೆಳಗೂ ಒಂದೊಂದು ಟೇಪ್, ಕೀಲಿ ಒತ್ತಿ ಹಿಡಿದರೂ ಸುಮಾರು 8 ಸೆಕೆಂಡಿಗೆ ಟೇಪ್ ಮುಗಿದು ದನಿ ನಿಂತುಹೋಗುತ್ತೆ. ಇವುಗಳ ಜೊತೆಗೆ ಹ್ಯಾಮಂಡ್ ಆರ್ಗನ್, ಪಿಯಾನೋ, ಹಾರ್ಪ್ಸಿಕಾರ್ಡ್ ಕೂಡ ಇದ್ದವು.

ಹೆರಿಗೆಯಾಗಿ ಕೆಲವೇ ದಿನಕ್ಕೆ ತೀರಿಕೊಂಡ ಜೇನ್ ಸೀಮೋರ್‌ಗಾಗಿ ಲಂಡನ್‌ನ ಸೇಂಟ್ ಜೈಲ್ಸ್ ಚರ್ಚಿಗೇ ಹೋಗಿ, ಅಲ್ಲಿನ ದೊಡ್ಡ ಆರ್ಗನ್ ನುಡಿಸಿ ರೆಕಾರ್ಡ್ ಮಾಡಿದರು. ತಲೆ ಕಡಿಸಿಕೊಂಡ ಆನ್ ಬೊಲಿನ್‌ಳ ಟ್ರ್ಯಾಕ್ ಕೊನೆಯಾಗೋದು ಸಂಜೆ ಪ್ರಾರ್ಥನೆಯ ರಾಗದಲ್ಲಿ.

ಅತಿಥಿಗಳ ಕೆಲಸ ಏನು?

ಟ್ರ್ಯಾಕ್‌ನಿಂದ ಟ್ರ್ಯಾಕ್‌ಗೆ ತಂಡ ಬದಲಾಗುತ್ತೆ. ಆರಗಾನ್‌ನ ಕ್ಯಾಥರೀನ್‌ಳ ಟ್ರ್ಯಾಕ್‌ಗೆ 'ಯೆಸ್' ಗೆಳೆಯರಾದ ಕ್ರಿಸ್ ಸ್ಕ್ವೈರ್ ಬೇಸ್, ಸ್ಟೀವ್ ಹೌ ಗಿಟಾರ್, ಬಿಲ್ ಬ್ರೂಫರ್ಡ್ ಡ್ರಮ್ಸ್. ಕ್ಯಾಥರೀನ್ ಹೊವಾರ್ಡ್‌ಳ ಟ್ರ್ಯಾಕ್‌ಗೆ ಹಳೇ ಬ್ಯಾಂಡ್ 'ಸ್ಟ್ರಾಬ್ಸ್'ನವರು ಬಂದರು, ಜೊತೆಗೆ ಬ್ಯಾಂಜೋ ಕೂಡ ಬಂತು. ಕ್ಲೀವ್ಸ್‌ನ ಆನ್‌ಳಿಗೆ ಅಲನ್ ವೈಟ್ ಡ್ರಮ್ಸ್. ಇವರೆಲ್ಲ ತಮ್ಮ ಕೆಲಸದಲ್ಲಿ ಘಟಾನುಘಟಿಗಳೇ. ಆದ್ರೂ ಇಲ್ಲಿ ಹೆಗಲು ಕೊಟ್ಟು ಹಿಂದೆ ನಿಂತರು. ಅದಕ್ಕೇ ಆಲ್ಬಂ ಒಬ್ಬರದ್ದೇ ಅನ್ನಿಸುತ್ತೆ, ಆದ್ರೆ ಒಂದೇ ಥರ ಅನ್ನಿಸಲ್ಲ.

ಗಾಯಕ ಇಲ್ಲದ ರೆಕಾರ್ಡ್ ಯಾರು ಕೊಳ್ತಾರೆ ಅನ್ನೋ ಪ್ರಶ್ನೆಗೆ ಜನರೇ ಉತ್ತರ ಕೊಟ್ಟರು: ಬ್ರಿಟನ್ ಚಾರ್ಟ್‌ನಲ್ಲಿ 7ನೇ ಸ್ಥಾನ, ಅಮೆರಿಕದಲ್ಲಿ 30.

2009ರ ಮೇನಲ್ಲಿ, ಹೆನ್ರಿ ಪಟ್ಟಕ್ಕೆ ಬಂದು 500 ವರ್ಷವಾದ ನೆನಪಿಗೆ, ಆ ರಾಜನದ್ದೇ ಹ್ಯಾಂಪ್ಟನ್ ಕೋರ್ಟ್ ಅರಮನೆಯ ಅಂಗಳದಲ್ಲಿ ವೇಕ್‌ಮನ್ ಇದನ್ನು ನುಡಿಸಿದರು. ಅವತ್ತು ಕೀಬೋರ್ಡ್ ಮೂಲೆಯಲ್ಲಿರಲಿಲ್ಲ.

ಆಲ್ಬಂ ಇರೋದು ಸುಮಾರು 36 ನಿಮಿಷ. ರಾತ್ರಿ ಅಂಗಡಿ ಬಾಗಿಲು ಹಾಕಿದ ಮೇಲೆ ಇಯರ್‌ಫೋನ್ ಹಾಕ್ಕೊಂಡು ಕೇಳೋರು 'ಜೇನ್ ಸೀಮೋರ್'ನಿಂದ ಶುರು ಮಾಡಬಹುದು.