ಚಟ ಬಿಡಿಸಲು ಬೈಗುಳ ಸಾಲದು

ಒಂದು ರಾತ್ರಿ ಇಶಾ ಮುಗಿಸಿ ಹೊರಟಾಗ ಒಬ್ಬರು ಉಮ್ಮ ಮದ್ರಸದ ಗೇಟಿನ ಬಳಿ ಕಾದು ನಿಂತಿದ್ದರು. “ಉಸ್ತಾದರೇ, ಮಗ ಗಾಂಜಾ ಸೇದ್ತಾನೆ. ಮದುವೆ ಮಾಡಿಸಿದ್ರೆ ಸರಿ ಹೋಗ್ತಾನಾ? ಇಲ್ಲಾ ಗಲ್ಫಿಗೆ ಕಳಿಸುವುದಾ?” ಎಂದು ಕೇಳಿದರು. ‘ದುಆ ಮಾಡಿ’ ಎಂದಷ್ಟೇ ಹೇಳಿ ನಾವು ಕಳುಹಿಸಿಬಿಟ್ಟೆವು. ಅಷ್ಟು ಸಾಲದಿತ್ತು ಎಂದು ಈಗ ಅನ್ನಿಸುತ್ತದೆ.

ಮದುವೆ ಮಾಡಿಸಿದರೆ ಇನ್ನೊಬ್ಬರ ಮಗಳ ಬದುಕು ಹಾಳು. ಗಲ್ಫಿನ ಕಾನೂನಂತೂ ಮಾದಕ ವಸ್ತುವಿನ ವಿಷಯದಲ್ಲಿ ಬಹಳ ಕಠಿಣ. ಹಾಗಾದರೆ ದಾರಿ ಯಾವುದು?

ಚಟ ತಪ್ಪು ಹೌದು, ಆದರೆ ಅದು ಕಾಯಿಲೆಯೂ ಹೌದು. ಗಾಂಜಾ ಬಿಡಿಸಲಿಕ್ಕೆಂದೇ ಇರುವ ಮಾತ್ರೆ ಇಲ್ಲ. ಅಲ್ಲಿ ಮುಖ್ಯ ಮದ್ದು ಮಾತು ಮತ್ತು ಅಭ್ಯಾಸ ಬದಲಾವಣೆ. ಇದನ್ನೇ ವರ್ತನಾ ಚಿಕಿತ್ಸೆ ಅನ್ನುತ್ತಾರೆ.

ಮೊದಲನೆಯದು, ಕೇಳುವುದು. ವಿಲಿಯಂ ಮಿಲ್ಲರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 1983ರಲ್ಲಿ ಬರೆದಿಟ್ಟ ಕ್ರಮ ಇದು. ಉಪದೇಶ ಕೊಡುವ ಬದಲು, “ಇದರಿಂದ ನಿನಗೆ ಸಿಕ್ಕಿದ್ದೇನು, ಕಳಕೊಂಡದ್ದೇನು?” ಎಂದು ಕೇಳುತ್ತಾರೆ. ಬಿಡಬೇಕೆಂಬ ಮಾತು ಅವನ ಬಾಯಿಂದಲೇ ಬರಬೇಕು. ಬೈದ್ರೆ ಅವನು ವಾದಕ್ಕೇ ನಿಲ್ತಾನೆ, ಅಲ್ವಾ?

ಎರಡನೆಯದು, ಕಾರಣ ಹುಡುಕುವುದು. ಸಂಬಳದ ದಿನವಾ, ಆ ಒಬ್ಬ ಸ್ನೇಹಿತನಾ, ನಿದ್ದೆ ಬಾರದ ರಾತ್ರಿಯಾ? ಬರೆದಿಟ್ಟು, ಆ ಹೊತ್ತಿಗೆ ಏನು ಮಾಡುವುದೆಂದು ಮೊದಲೇ ತೀರ್ಮಾನಿಸಬೇಕು. ಅಲನ್ ಮಾರ್ಲಟ್ ಎಂಬವರು ಆಸೆಯನ್ನು ಕಡಲ ಅಲೆಗೆ ಹೋಲಿಸಿದರು. ಏರುತ್ತದೆ, ಸ್ವಲ್ಪ ಹೊತ್ತು ತಡೆದರೆ ತಾನಾಗಿ ಇಳಿಯುತ್ತದೆ. ಕಡಲ ಬದಿಯ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೂರನೆಯದು, ಮೆಚ್ಚುಗೆ. ಮೂತ್ರ ಪರೀಕ್ಷೆಯಲ್ಲಿ ಮಾದಕ ವಸ್ತು ಕಾಣದ ಪ್ರತಿ ಸಲವೂ ಸಣ್ಣ ಬಹುಮಾನ ಕೊಡುವ ಪದ್ಧತಿ ಇದೆ. ಮನೆಯಲ್ಲಿ ನಾವು ಕನಿಷ್ಠ ಒಂದು ಒಳ್ಳೆಯ ಮಾತಾದರೂ ಆಡಬಹುದು. ನಡುವೆ ಒಮ್ಮೆ ಎಡವಿದರೆ ‘ಮುಗಿಯಿತು’ ಎಂದು ಕೈಬಿಡಬಾರದು. ಯಾಕೆ ಎಡವಿದ ಎಂದು ನೋಡಿ ಪುನಃ ಆರಂಭಿಸಬೇಕು.

ಒಂದು ಎಚ್ಚರಿಕೆ: ವರ್ಷಗಟ್ಟಲೆ ವಿಪರೀತ ಕುಡಿದವರನ್ನು ಮನೆಯಲ್ಲಿ ಕೂಡಿಹಾಕಿ ಒಮ್ಮೆಲೇ ಬಿಡಿಸಬೇಡಿ. ಫಿಟ್ಸ್ ಬಂದು ಜೀವಕ್ಕೇ ಅಪಾಯ ಆಗಬಹುದು. ಮೊದಲು ಡಾಕ್ಟರ್, ಆಮೇಲೆ ಕೌನ್ಸೆಲಿಂಗ್.

ಪೊಲೀಸರ ಹೆದರಿಕೆಯಿಂದ ಸುಮ್ಮನಿರುವ ಮನೆಗಳೂ ಇವೆ. 1985ರ ಮಾದಕ ವಸ್ತು ಕಾಯ್ದೆಯ 64ಎ ಸೆಕ್ಷನ್ ನೋಡಿ. ಸೇವನೆ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಕ್ಕ ವ್ಯಸನಿ ತಾನಾಗಿ ಸರಕಾರಿ ಅಥವಾ ಮಾನ್ಯತೆ ಪಡೆದ ಕೇಂದ್ರದಲ್ಲಿ ಪೂರ್ತಿ ಚಿಕಿತ್ಸೆ ಪಡೆದರೆ ಮೊಕದ್ದಮೆಯಿಂದ ರಕ್ಷಣೆ ಸಿಗುವ ಅವಕಾಶ ಅಲ್ಲಿದೆ. ಮಾರುವವರಿಗೆ ಅದಿಲ್ಲ.

ವ್ಯಸನಮುಕ್ತಿಗೆ ಕೇಂದ್ರ ಸರಕಾರದ ಉಚಿತ ಸಹಾಯವಾಣಿ 14446. ಮಾನಸಿಕ ಆರೋಗ್ಯಕ್ಕೆ ಟೆಲಿ ಮಾನಸ್ 14416. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನಕ್ಕೆಂದೇ ಪ್ರತ್ಯೇಕ ವಿಭಾಗ ಇದೆ.

ಜಮಾಅತಿನಲ್ಲಿ ಮರ್ಯಾದೆ ಹೋಗುತ್ತದೆ ಎಂದು ಮುಚ್ಚಿಟ್ಟಷ್ಟು ದಿನ ಕಾಯಿಲೆ ಬೆಳೆಯುತ್ತದೆ. ಆ ಉಮ್ಮ ಇನ್ನೊಮ್ಮೆ ಬಂದರೆ ದುಆದ ಜೊತೆಗೆ ಈ ನಂಬರುಗಳನ್ನೂ ಬರೆದು ಕೊಡುತ್ತೇವೆ. ಬೇಕಿದ್ದರೆ ಡಾಕ್ಟರರ ಹತ್ತಿರ ಜೊತೆಗೂ ಹೋಗುತ್ತೇವೆ.