ದುರ್ಬಲ ಹೃದಯಕ್ಕೆ ಗಂಡು ಹಾರ್ಮೋನು ಟಾನಿಕ್ಕೇ?

ಹೃದಯ ವೈಫಲ್ಯವೆಂದರೆ ಹೃದಯ ನಿಂತುಹೋಗುವುದಲ್ಲ. ದೇಹಕ್ಕೆ ಬೇಕಾದಷ್ಟು ರಕ್ತ ಒದಗಿಸಲಾರದೆ ಅದು ಸೋಲುತ್ತ ಬರುವುದು. 'ಪಂಪಿಂಗ್ ಕಡಿಮೆಯಾಗಿದೆ' ಎಂದು ಡಾಕ್ಟರು ಹೇಳುವುದು ಬಹುಮಟ್ಟಿಗೆ ಇದನ್ನೇ. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು, ಸಂಜೆಗೆ ಕಾಲು ಬಾವು. ಬರಬರುತ್ತ ತೊಡೆ-ತೋಳುಗಳು ಸೊರಗುತ್ತವೆ, ಯಾವುದರಲ್ಲೂ ಉಮೇದು ಉಳಿಯುವುದಿಲ್ಲ. ಕೊನೆಯ ಎರಡು, ಗಂಡು ಹಾರ್ಮೋನಾದ ಟೆಸ್ಟೊಸ್ಟಿರಾನ್ ಕುಗ್ಗಿದ ಗಂಡಸಿನ ಲಕ್ಷಣಗಳೂ ಹೌದು. ಹಾಗಾದರೆ ಅದನ್ನು ಹೊರಗಿನಿಂದ ತುಂಬಿದರೆ ಹೃದಯ ಚೇತರಿಸಿಕೊಂಡೀತೆ? ಈ ಆಸೆಗೆ ಆಧಾರವೇ ಇಲ್ಲವೆನ್ನಲಾಗದು. ಆದರೆ ಸಿಕ್ಕಿರುವ ಪುರಾವೆ ನಿಜವಾಗಿ ಹೇಳುತ್ತಿರುವುದು ಬೇರೆಯದನ್ನು.

ಪೋಲೆಂಡಿನ ಸಂಶೋಧಕರು ಹೃದಯ ವೈಫಲ್ಯವಿದ್ದ 208 ಗಂಡಸರ ರಕ್ತ ಪರೀಕ್ಷಿಸಿ 2006ರಲ್ಲಿ ವರದಿ ಪ್ರಕಟಿಸಿದರು. ಟೆಸ್ಟೊಸ್ಟಿರಾನ್ ಜೊತೆಗೆ ದೇಹ ಕಟ್ಟುವ ಇನ್ನೆರಡು ಹಾರ್ಮೋನುಗಳನ್ನೂ ಅವರು ಅಳೆದಿದ್ದರು. ಮೂರೂ ಸರಿಯಿದ್ದವರಲ್ಲಿ ಮೂರು ವರ್ಷ ಬದುಕುಳಿದವರು ಶೇ. 83, ಮೂರೂ ಕುಗ್ಗಿದ್ದವರಲ್ಲಿ ಶೇ. 27 ಮಾತ್ರ. ಈ ಅಂತರ ನೋಡಿದ ಯಾರಿಗಾದರೂ ಹಾರ್ಮೋನಿನ ಕೊರತೆಯೇ ಸಾವಿಗೆ ಕಾರಣ ಅನ್ನಿಸೀತು. ಆದರೆ ದೀರ್ಘ ಕಾಯಿಲೆಯಲ್ಲಿ ನರಳುವ ದೇಹ ಹಾರ್ಮೋನು ತಯಾರಿಕೆಯನ್ನೇ ತಗ್ಗಿಸುತ್ತದೆ. ಅಂದರೆ ಈ ಕುಸಿತ ಬೇನೆಯ ಬೇರಲ್ಲ, ಬೇನೆ ಎಷ್ಟು ಬಲಿತಿದೆ ಎಂಬುದರ ಗುರುತು ಇದ್ದೀತು.

ಅದೇ ದೇಶದ ಇನ್ನೊಂದು ಅಧ್ಯಯನ, 2009ರದು, ಈ ಅನುಮಾನವನ್ನು ಗಟ್ಟಿ ಮಾಡುತ್ತದೆ. ಹೆಣ್ಣಿನದೆಂದು ನಾವು ಭಾವಿಸುವ ಈಸ್ಟ್ರಡಯಾಲ್ ಗಂಡಸಿನಲ್ಲೂ ಇರುತ್ತದೆ. ಮುಖ್ಯವಾಗಿ ಕೊಬ್ಬಿನ ಅಂಗಾಂಶದಲ್ಲಿ ಟೆಸ್ಟೊಸ್ಟಿರಾನಿನಿಂದಲೇ ಹುಟ್ಟುತ್ತದೆ. 501 ರೋಗಿಗಳನ್ನು ಅದರ ಮಟ್ಟಕ್ಕೆ ತಕ್ಕಂತೆ ಐದು ಗುಂಪು ಮಾಡಿ ನೋಡಿದಾಗ, ನಡುವಿನ ಗುಂಪಿನಲ್ಲಿ ಮೂರು ವರ್ಷಕ್ಕೆ ಶೇ. 82ರಷ್ಟು ಜನ ಉಳಿದಿದ್ದರು. ತೀರ ಕಡಿಮೆಯಿದ್ದವರಲ್ಲಿ ಸುಮಾರು ಶೇ. 45, ತೀರ ಹೆಚ್ಚಿದ್ದವರಲ್ಲಿ ಶೇ. 64. ಕಡಿಮೆಯಿದ್ದವರ ಮೈಯಲ್ಲಿ ಕೊಬ್ಬು ಕರಗಿತ್ತು, ಮೂತ್ರಪಿಂಡ ಸೋತಿತ್ತು. ವಿಚಿತ್ರವೆಂದರೆ ಅವರ ಟೆಸ್ಟೊಸ್ಟಿರಾನ್ ನಡುವಿನ ಗುಂಪಿನವರಿಗಿಂತ ಹೆಚ್ಚೇ ಇತ್ತು! ಹೆಚ್ಚಿದ್ದವರಲ್ಲಿ ಯಕೃತ್ತು ಕೆಟ್ಟಿತ್ತು. ಹಾರ್ಮೋನಿನ ಅಂಕಿ ಹೃದಯವೊಂದರ ಕಥೆಯನ್ನಲ್ಲ, ಕೊಬ್ಬು, ಯಕೃತ್ತು, ಮೂತ್ರಪಿಂಡ ಎಲ್ಲದರ ಕಥೆಯನ್ನೂ ಹೇಳುತ್ತಿದೆ. ಕಡಿಮೆಯಿದ್ದರೆ ತುಂಬಿಬಿಡೋಣ ಎಂಬ ಲೆಕ್ಕ ಇಲ್ಲಿ ನಡೆಯದು. ಹಿಂದೊಮ್ಮೆ, ಹೃದಯಾಘಾತವಾದ ಗಂಡಸರಿಗೆ ಅಮೆರಿಕದಲ್ಲಿ ಈಸ್ಟ್ರಡಯಾಲಿನ ಜಾತಿಯ ಈಸ್ಟ್ರೋಜೆನ್ ಕೊಟ್ಟು ನೋಡಿದ್ದರು; ಆಘಾತಗಳು ಹೆಚ್ಚಿದ್ದರಿಂದ ದೊಡ್ಡ ಡೋಸಿನ ಪ್ರಯೋಗವನ್ನು 1970ರಲ್ಲೇ ನಿಲ್ಲಿಸಬೇಕಾಯಿತು.

ಟೆಸ್ಟೊಸ್ಟಿರಾನ್ ಕೊಟ್ಟಾಗ ರೋಗಿಗಳು ಹೆಚ್ಚು ದೂರ ನಡೆದರಲ್ಲ ಎಂದು ಯಾರಾದರೂ ಕೇಳಬಹುದು. ನಡೆದದ್ದು ನಿಜ. ಇಟಲಿಯಲ್ಲಿ 70 ಮಂದಿ ವೃದ್ಧರ ಮೇಲೆ 12 ವಾರ ನಡೆದ ಪ್ರಯೋಗದಲ್ಲಿ ಸ್ನಾಯುಬಲವೂ ಶ್ರಮ ತಾಳುವ ಶಕ್ತಿಯೂ ಹೆಚ್ಚಿದವು. ಮೆಟ್ಟಿಲು ಹತ್ತಲಾಗದವನಿಗೆ ಅದೇನು ಸಣ್ಣ ಲಾಭವಲ್ಲ. ಆದರೆ ಹೃದಯದ ಪಂಪಿಂಗ್ ಇದ್ದಂತೆಯೇ ಇತ್ತು. ಲಾಭವಾದದ್ದು ಕಾಲಿನ ಸ್ನಾಯುವಿಗೆ. ಆಯಸ್ಸು ಹೆಚ್ಚುತ್ತದೆಯೇ ಎಂದು ತೀರ್ಮಾನಿಸಲು ಇಂಥ ಪ್ರಯೋಗಗಳು ತೀರಾ ಚಿಕ್ಕವು. 2023ರ ದೊಡ್ಡ ಪ್ರಯೋಗ, 5,200ಕ್ಕೂ ಹೆಚ್ಚು ಗಂಡಸರದು, ಟೆಸ್ಟೊಸ್ಟಿರಾನಿನಿಂದ ಹೃದಯಾಘಾತವಾದೀತೆಂಬ ಭಯವನ್ನು ತಗ್ಗಿಸಿತು ನಿಜ. ಆದರೆ ಅದು ಹೃದಯ ವೈಫಲ್ಯದ ಪ್ರಯೋಗವಲ್ಲ; ಮೇಲಾಗಿ ಹೃದಯ ಬಡಿತ ತಾಳ ತಪ್ಪುವ ಏಟ್ರಿಯಲ್ ಫಿಬ್ರಿಲೇಶನ್ ಅದರಲ್ಲಿ ಹುಸಿ ಔಷಧ ಪಡೆದವರಲ್ಲಿ ಶೇ. 2.4 ಮಂದಿಗೆ ಬಂದರೆ, ಟೆಸ್ಟೊಸ್ಟಿರಾನ್ ಪಡೆದವರಲ್ಲಿ ಶೇ. 3.5 ಮಂದಿಗೆ ಬಂತು. ಮೊದಲೇ ದಣಿದ ಹೃದಯಕ್ಕೆ ಇದು ಚಿಲ್ಲರೆ ತೊಂದರೆಯಲ್ಲ.

ಸ್ಪಿರೊನೊಲ್ಯಾಕ್ಟೋನ್ ಮಾತ್ರೆಯ ವಿಷಯವಂತೂ ಇನ್ನೂ ಸ್ವಾರಸ್ಯದ್ದು. ತೀವ್ರ ಹೃದಯ ವೈಫಲ್ಯದವರ ಸಾವನ್ನು ಅದು ಶೇ. 30ರಷ್ಟು ಇಳಿಸಿದ್ದು 1999ರಲ್ಲಿ ಸಾಬೀತಾಯಿತು. ಗಂಡು ಹಾರ್ಮೋನಿನ ಕೆಲಸಕ್ಕೆ ಅಡ್ಡಬರುವ ಮಾತ್ರೆ ಅದು! ಪ್ರಾಣ ಉಳಿಸುವುದು ಆಲ್ಡೋಸ್ಟಿರೋನ್ ಎಂಬ ಇನ್ನೊಂದು ಹಾರ್ಮೋನನ್ನು ತಡೆದು. ಆದರೆ ಗಂಡು ಹಾರ್ಮೋನಿಗೂ ಅಡ್ಡಬರುವುದರಿಂದ, ಈ ಮಾತ್ರೆ ನುಂಗಿದ ಗಂಡಸರಲ್ಲಿ ಹತ್ತಕ್ಕೊಬ್ಬರಿಗೆ ಎದೆ ಉಬ್ಬುವುದೋ ನೋಯುವುದೋ ಆಗಿತ್ತು. ನಾಚಿಕೆಯಿಂದ ಯಾರಿಗೂ ಹೇಳದೆ ಮಾತ್ರೆ ಬಿಟ್ಟರೆ ಅಪಾಯ. ಡಾಕ್ಟರಿಗೆ ಹೇಳಿದರೆ ಎಪ್ಲೆರಿನೋನ್ ಎಂಬ ಬದಲಿ ಮಾತ್ರೆಯಿದೆ, ಅದರಲ್ಲಿ ಈ ತೊಂದರೆ ಬಹಳ ಕಡಿಮೆ.